ತೆರೆರೆಗೆ ಥ್ಯಾಂಕ್ಸ್ ಅಂದೆ

ಜನವರಿ ೧೪, ಮಂಗಳವಾರ.

ಬೆಳಗಿನ ಆ ಒಂದು ಮಾತು ಇನ್ನೂ ಕೊರೆಯುತ್ತಿದೆ.

ಮಾವಿನ ಮರದಡಿ ಅಪ್ಪ ಎಂದಿನಂತೆ ಕೊಂಬಿನ ಲೋಟದಲ್ಲಿದ್ದ ಎಲೆಗೆ ಐಸ್ ನೀರು ಹುಯ್ದು, ಸರದಿಯಂತೆ ಒಂದೇ ಲೋಟದಿಂದ ಹೀರುವ ತಣ್ಣನೆಯ ತೆರೆರೆಯನ್ನು ನನ್ನತ್ತ ಚಾಚಿದ. ಫೋನಿನಿಂದ ಕಣ್ಣು ಕೀಳದೆ "ಥ್ಯಾಂಕ್ಸ್" ಅಂದುಬಿಟ್ಟೆ. ತೆರೆರೆ ಕೊಟ್ಟಾಗ ಥ್ಯಾಂಕ್ಸ್ ಅಂದರೆ "ನನಗೆ ಸಾಕು, ಇನ್ನು ಕೊಡಬೇಡಿ" ಎಂದೇ ಅರ್ಥ. ಇಡೀ ಪರಾಗ್ವೆಯಲ್ಲಿ ಎಳೆ ಮಕ್ಕಳಿಗೂ ಇದು ಗೊತ್ತು.

ಆಮೇಲೆ ಕೈ ಚಾಚಿದೆ. ಲೋಟ ಬರಲಿಲ್ಲ.

"ಅಪ್ಪಾ, ನನ್ನ ಸರದಿ ಅಲ್ವಾ?"

"ಸಾಕು ಅಂದ್ಯಲ್ಲ ಬೆನೀತಾ. ಹಾಗಂದು ಆಗ್ಲೇ ಒಂದು ಗಂಟೆ ಆಯ್ತು."

"ಅಯ್ಯೋ, ಬಾಯಿ ತಪ್ಪಿ ಬಂತು."

"ನಿನ್ನೇನೂ ಬಾಯಿ ತಪ್ಪಿತ್ತು ಬಿಡು. ಮೊನ್ನೇನೂ."

ನಗುತ್ತಲೇ ಅಂದ. ಬೈದಿದ್ದರೆ ವಾಸಿಯಿತ್ತು. ಆ ಒಂದು ಗಂಟೆ ಫೋನಿನಲ್ಲಿ ಏನು ನೋಡಿದೆನೋ, ಒಂದೂ ನೆನಪಿಲ್ಲ.

ಸಂಜೆ ಹಟ ಹಿಡಿದು ಫೋನನ್ನು ಹಾಸಿಗೆಯ ಕೆಳಗೆ ತುರುಕಿ, ಹೋಗಿ ಅಪ್ಪನ ಪಕ್ಕ ಕೂತೆ. ಅವನ ಮುಖ ಅರಳಿತು. ಅಂಚಿನವರೆಗೆ ತುಂಬಿಸಿ ಲೋಟ ಚಾಚಿದ. ಅಷ್ಟರಲ್ಲಿ ಒಳಗೆ ಫೋನು ಗುಂಯ್ಗುಟ್ಟಿದಂತಾಗಿ ಎದ್ದೇಬಿಟ್ಟೆ. ಬೆನ್ನ ಹಿಂದೆ ಅಪ್ಪ, ನನ್ನ ಪರವಾಗಿ ತಾನೇ, ಮೆಲ್ಲಗೆ "ಥ್ಯಾಂಕ್ಸ್" ಅಂದದ್ದು ಕೇಳಿಸಿತು.

ಹೋಗಿ ನೋಡಿದರೆ ಫೋನು ಸುಮ್ಮನೆ ಬಿದ್ದಿತ್ತು. ಯಾರೂ ಕರೆದಿರಲಿಲ್ಲ. ಆದರೂ ಅದನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.