ಬಾಟಲಿಯ ಮೇಲಿನ ಹೆಸರು

ನನ್ನ ಭಾಷಣಗಳನ್ನೆಲ್ಲ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡವಳೇ,

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವನು ಈಗ ಯಾಕೆ ಪೆನ್ನು ಹಿಡಿದೆ ಅಂದರೆ, ನಿನ್ನ ಮೇಲೊಂದು ದೂರಿದೆ. ಪೂರ್ತಿ ದೂರೂ ಅಲ್ಲ. ಕಂಪ್ಲೇಂಟಿಗಿಂತ ಒಂದು ಮೆಟ್ಟಿಲು ಕೆಳಗಿನದು. ಅದಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ಪದವೊಂದಿತ್ತು, ಕಾಲೇಜಿನಲ್ಲಿ ಓದಿದ್ದೆ, ಮರೆತಿದೆ. ನೀನಿದ್ದಿದ್ದರೆ ಎತ್ತಿಕೊಡುತ್ತಿದ್ದೆ. ಬಿ.ಎ. ಮಾಡಿದವನು ನಾನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನೀನು, ಆದರೂ ನನ್ನ ಇಂಗ್ಲಿಷ್ ಗಾದೆಗಳ ಬಾಲ ಯಾವತ್ತೂ ನಿನ್ನ ಹತ್ತಿರವೇ ಇರುತ್ತಿತ್ತು. ನಾನು ‘ಚಾರಿಟಿ ಬಿಗಿನ್ಸ್…’ ಅಂತ ಬಾಯಿ ತೆರೆದು ನಿಂತರೆ, ‘ಅಟ್ ಹೋಮ್. ತಟ್ಟೆ ತಗೊಳ್ಳಿ’ ಅನ್ನುತ್ತಿದ್ದೆ ನೀನು. ಕೇಳಿ ಕೇಳಿ ನಿನಗೆ ಬಾಯಿಪಾಠವಾಗಿತ್ತು.

ಇರಲಿ, ವಿಷಯಕ್ಕೆ ಬರುತ್ತೇನೆ. ನಾನು ವಿಷಯಕ್ಕೆ ಬರುವಷ್ಟರಲ್ಲಿ ಊಟ ಆರಿಹೋಗುತ್ತದೆ ಅಂತ ನೀನೇ ಹೇಳುತ್ತಿದ್ದೆಯಲ್ಲ.

ಕಡಲಾಚೆಯ ಆ ದೇಶದವರು ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದರು. ಪೇಪರಿನಲ್ಲಿ ಓದಿದಾಗ ಅದು ದೊಡ್ಡವರ ಜಗಳ ಅನಿಸಿತ್ತು. ತಿಂಗಳೊಳಗೆ ನಮ್ಮ ಬೀದಿಯ ಕೊನೆಯ ಬಟ್ಟೆ ಕಾರ್ಖಾನೆಯಲ್ಲಿ ಎರಡನೇ ಪಾಳಿ ನಿಂತುಹೋಯಿತು. ಆ ಪಾಳಿಯ ಸೈರನ್ ಕೂಗಿದರೆ ನೀನು ಗಡಿಯಾರ ನೋಡದೆ ಹಾಲು ಕಾಯಲು ಇಡುತ್ತಿದ್ದೆ, ನೆನಪಿದೆಯಾ? ಈಗ ಸೈರನ್ ಇಲ್ಲ. ಎದುರುಮನೆಯ ಹೊಲಿಗೆಯವಳ ಗಂಡ ಆ ಪಾಳಿಯವನೇ. ಹಗಲೆಲ್ಲ ಮೆಟ್ಟಿಲ ಮೇಲೆ ಕೂತು ಒಂದೇ ಪೇಪರನ್ನು ಎರಡೆರಡು ಸಲ ಓದುತ್ತಾನೆ. ಅವನನ್ನು ನೋಡಿಯೇ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದು: ಆ ದೇಶದವರ ಬಿಸ್ಕತ್ತು ಬೇಡ, ಅವರ ಬೆಣ್ಣೆ ಬೇಡ, ಅವರ ಜಾಮ್ ಬೇಡ. ಡ್ರಿಲ್ ಮಾಸ್ತರರು ಅಧ್ಯಕ್ಷರಾದರು, ಯಾಕೆಂದರೆ ಸೀಟಿ ಇದ್ದದ್ದು ಅವರ ಹತ್ತಿರ ಮಾತ್ರ. ಲೇಬಲ್ ಓದಿ ಯಾವುದು ಎಲ್ಲಿಯದು ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೂವತ್ತೊಂದು ವರ್ಷ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನಿಗೆ ಬಾರದೆ ಇನ್ಯಾರಿಗೆ ಬರಬೇಕು? ಹಳೇ ಭೂತಗನ್ನಡಿ ಹುಡುಕಿ ತೆಗೆದೆ. ಅಂಗಡಿಯಮ್ಮನ ಕಪಾಟಿನ ಮುಂದೆ ನಿಂತು ಆ ದೇಶದ ಡಬ್ಬ ಬಾಟಲಿಗಳನ್ನೆಲ್ಲ ತಲೆಕೆಳಗು ಮಾಡಿ ಇಟ್ಟೆ, ಕೊಳ್ಳುವವರಿಗೆ ದೂರದಿಂದಲೇ ಗೊತ್ತಾಗಲಿ ಅಂತ. ಆಕೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದವಳು, ‘ಸಾರ್, ಎಣ್ಣೆ ಬಾಟಲಿ ಒಂದು ಬಿಟ್ಬಿಡಿ. ಮುಚ್ಚಳ ಸೋರತ್ತೆ. ನಿಮ್ಮ ದೇಶಭಕ್ತಿ ಒರೆಸೋಕೆ ನನ್ನ ಹತ್ರ ಅಷ್ಟು ಬಟ್ಟೆ ಇಲ್ಲ’ ಅಂದಳು. ನಿನಗೆ ಆಕೆ ಯಾಕೆ ಹಿಡಿಸುತ್ತಿದ್ದಳು ಅಂತ ಆಗ ತಿಳಿಯಿತು.

ಮುಂದಿನ ಹೆಜ್ಜೆ ಮಾಸ್ತರರದು. ಮನೆಮನೆಯಲ್ಲಿ ಉಳಿದಿರುವುದನ್ನೂ ತಂದು ಅಂಗಡಿ ಮುಂದಿನ ಪೆಟ್ಟಿಗೆಗೆ ಹಾಕುವುದು, ಭಾನುವಾರ ಹತ್ತು ಗಂಟೆಗೆ ಎಲ್ಲವನ್ನೂ ಚರಂಡಿಗೆ ಸುರಿಯುವುದು, ಪೇಪರಿನವರು ಫೋಟೋ ತೆಗೆಯುವುದು. ಶನಿವಾರ ಸಂಜೆ ಮೊದಲಿಗನಾಗಿ ನಾನೇ ಹೋದೆ. ಕೈಯಲ್ಲಿ ಏನಿತ್ತು ಅಂತ ನಿನಗೆ ಗೊತ್ತೇ ಇದೆ. ದೀಪಸ್ತಂಭದ ಚಿತ್ರವಿರುವ ಕಿತ್ತಳೆ ಜಾಮ್. ಫ್ರಿಜ್ಜಿನ ಹಿಂಬದಿಯಲ್ಲಿ ನೀನು ಬಿಟ್ಟುಹೋದ ಅರ್ಧ ಬಾಟಲಿ.

ಆ ಜಾಮಿನ ಮೇಲೆ ನನಗಿದ್ದ ಮೋಹ ಬೀದಿಗೇ ಗೊತ್ತಿತ್ತು. ಬೆಳಿಗ್ಗೆ ನೀನು ಬ್ರೆಡ್ಡಿಗೆ ಸವರಿ ಕೊಟ್ಟರೆ ಮೊದಲ ತುತ್ತಿಗೇ ನನ್ನ ಕೀರ್ತನೆ ಶುರು. ‘ಇದಪ್ಪಾ ಕ್ವಾಲಿಟಿ! ನಮ್ಮವರು ತಿಪ್ಪರಲಾಗ ಹಾಕಿದರೂ ಇಂಥದ್ದು ಮಾಡಲಾರರು.’ ನೀನು ತಟ್ಟನೆ ಒಲೆಯ ಕಡೆ ತಿರುಗುತ್ತಿದ್ದೆ. ಮುನಿಸು ಅಂದುಕೊಳ್ಳುತ್ತಿದ್ದೆ ನಾನು. ನಿನ್ನ ಅಡುಗೆಗೆ ಒಂದು ದಿನವೂ ಹೀಗೆ ಬಾಯಿ ಬಿಚ್ಚಿದವನಲ್ಲವಲ್ಲ. ಉಪ್ಪು ಕಮ್ಮಿಯಾದರೆ ಮಾತ್ರ ಮಾತು, ಸರಿಯಾಗಿದ್ದರೆ ಮೌನ. ಇಲಾಖೆಯ ಅಭ್ಯಾಸ ಅದು. ತಕ್ಕಡಿ ಸರಿಯಿದ್ದರೆ ಇನ್ಸ್‌ಪೆಕ್ಟರ್ ಏನೂ ಬರೆಯುವುದಿಲ್ಲ.

ನೀನು ಹೋದಮೇಲೆ ಆ ಬಾಟಲಿಯ ಮುಚ್ಚಳ ತೆಗೆಯಲು ನನಗೆ ಆಗಲಿಲ್ಲ. ಸವರಿಕೊಡುವ ಕೈಯೇ ಇಲ್ಲದಮೇಲೆ ಜಾಮ್ ಯಾರಿಗೆ ಬೇಕು? ಅದಕ್ಕೇ ಪೆಟ್ಟಿಗೆಯ ಮುಂದೆ ನಿಂತು ಬಾಟಲಿಯನ್ನು ಎರಡು ಸಲ ಒಳಗಿಟ್ಟು ಎರಡು ಸಲ ಹೊರತೆಗೆದೆ. ಆದರೂ ಭಾಷಣ ಬಿಡಲಿಲ್ಲ ನೋಡು. ‘ಈ ಮುಚ್ಚಳವನ್ನು ಕೊನೆಗೆ ಮುಚ್ಚಿದ್ದು ನನ್ನ ಹೆಂಡತಿಯ ಕೈ. ಇದನ್ನೂ ಕೊಡುತ್ತಿದ್ದೇನೆ’ ಅಂದೆ. ಚಪ್ಪಾಳೆ ಬಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಿಗ್ಗೂ ಆಯಿತು.

ಭಾನುವಾರ ಒಂಬತ್ತೂವರೆಗೆ ಮಗಳ ಫೋನು. ನನ್ನ ತ್ಯಾಗವನ್ನು ರಾಗವಾಗಿ ಹೇಳಿದೆ.

‘ಅಪ್ಪ, ಫ್ರಿಜ್ಜಲ್ಲಿ ಹಿಂದೆ ಇತ್ತಲ್ಲ, ಅದಾ?’

‘ಹೂಂ, ಅದೇ.’

‘ಅಪ್ಪ… ಅದು ಅಮ್ಮ ಮಾಡಿದ್ದು.’

ಆಮೇಲೆ ಅವಳು ಅಳುತ್ತ ನಗುತ್ತ ಹೇಳಿದ್ದನ್ನು ನಿನಗೇ ಹೇಳುವುದು ಹುಚ್ಚುತನ, ಆದರೂ ಹೇಳುತ್ತೇನೆ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ಕಾಮಾಲೆಯಾಗಿತ್ತು. ಬಾಯಿಗೆ ಆ ಜಾಮ್ ಬಿಟ್ಟು ಬೇರೇನೂ ರುಚಿಸುತ್ತಿರಲಿಲ್ಲ. ಅಂಗಡಿಯಲ್ಲಿ ಮುಗಿದಿತ್ತು. ನೀನು ಕಿತ್ತಳೆ ಬೇಯಿಸಿ, ಖಾಲಿ ಬಾಟಲಿ ತೊಳೆದು ತುಂಬಿಸಿ ಕೊಟ್ಟೆ. ನಾನು ನೆಕ್ಕಿ, ‘ಈ ಸಲದ ಸರಕು ಇನ್ನೂ ಫಸ್ಟ್ ಕ್ಲಾಸ್’ ಅಂದೆನಂತೆ. ಅವತ್ತಿನಿಂದ ಹತ್ತೊಂಬತ್ತು ವರ್ಷ. ಮಗಳ ಹತ್ತಿರ ಆಣೆ ಹಾಕಿಸಿಕೊಂಡಿದ್ದೆಯಂತೆ. ‘ಅಮ್ಮ ಮುನಿಸ್ಕೊಂಡು ತಿರುಗ್ತಾ ಇರಲಿಲ್ಲ ಅಪ್ಪ, ನಗು ತಡೆಯೋಕಾಗದೆ ತಿರುಗ್ತಾ ಇದ್ದಳು. ಹೊಗಳಿಕೆ ಯಾರ ಹೆಸರಿಗೆ ಹೋದ್ರೇನು, ಕೇಳಿಸೋದು ನನ್ನ ಕಿವಿಗೇ ತಾನೇ ಅನ್ನೋಳು.’

ಫೋನು ಇಟ್ಟೆನೋ ಬಿಸಾಕಿದೆನೋ ಗೊತ್ತಿಲ್ಲ. ಹತ್ತಾಗಲು ಹತ್ತು ನಿಮಿಷ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಿನ್ನದು. ಅದು ಅಂಗಡಿ ಮುಟ್ಟಿದಮೇಲೆ ತಿಳಿದದ್ದು. ಮಾಸ್ತರರು ಸೀಟಿ ಬಾಯಿಗಿಟ್ಟುಕೊಂಡಿದ್ದರು, ಫೋಟೋದವನು ಒಂದು ಮೊಣಕಾಲೂರಿದ್ದ. ‘ನಿಲ್ಲಿಸಿ’ ಅಂತ ಕೂಗಿದೆ. ಕೂಗಿದಮೇಲೆ ಪೆಟ್ಟಿಗೆ ನೋಡಿದೆ. ದೀಪಸ್ತಂಭದ ಬಾಟಲಿಗಳು ಏಳು. ಏಳೂ ಒಂದೇ ಥರ, ಏಳೂ ಅರ್ಧಂಬರ್ಧ.

‘ನಿನ್ನೆ ಕೊಟ್ಟು ಇವತ್ತು ವಾಪಸ್ ಕೇಳ್ತೀರಲ್ರೀ! ಹೊರಗಿನ ರುಚಿ ಬಿಡೋಕಾಗಲಿಲ್ವಾ?’ ಮಾಸ್ತರರು ಅಂದರು. ನಕ್ಕವರಿಗೆ ಲೆಕ್ಕವಿಲ್ಲ. ‘ಅದರಲ್ಲಿರೋದು ನಮ್ಮನೆ ಜಾಮ್’ ಅಂದೆ. ‘ಲೇಬಲ್ ಓದಿ ಹೇಳಿ, ನೀವೇ ತಾನೇ ಇನ್ಸ್‌ಪೆಕ್ಟರು’ ಅಂದ ಹಿಂದಿನಿಂದ ಯಾರೋ. ಓದಿದೆ. ಮುಚ್ಚಳದ ಮೇಲಿನ ತಾರೀಕು ನಾಲ್ಕರಲ್ಲಿ ಸರಿಯಾಗಿತ್ತು, ಹೊಸವು. ಮೂರರಲ್ಲಿ ಅಳಿಸಿಹೋಗಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಅಂಗಡಿಯಮ್ಮನ ಕಡೆ ತಿರುಗಿ, ‘ಅಮ್ಮಾ, ಒಂದು ಚಮಚ ಕೊಡಿ’ ಅಂದೆ.

ಯೋಚಿಸಿ ನೋಡು. ಬೀದಿಗೆಲ್ಲ ಬುದ್ಧಿ ಹೇಳಿದವನು, ಬೀದಿಯ ನಡುವೆ, ಹಾಡಹಗಲೇ, ಬಹಿಷ್ಕಾರ ಹಾಕಿದ ಜಾಮಿಗೆ ಚಮಚ ಅದ್ದುತ್ತಿದ್ದೇನೆ.

ಮೊದಲನೆಯದು ನಿಜವಾಗಿಯೂ ಆ ದೇಶದ್ದೇ. ಬರೀ ಸಕ್ಕರೆ, ಅಂಟು ತಿಂದ ಹಾಗೆ. ಇದನ್ನಾ ನಾನು ಹೊಗಳಿದ್ದು ಅಂತ ಬೆಪ್ಪಾದೆ. ಎರಡನೆಯದಕ್ಕೆ ಕೈ ಹಾಕಿದಾಗ ಹೊಲಿಗೆಯವಳು ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: ‘ಅದು ಬೇಡ ಸಾರ್, ನಮ್ಮನೇದು. ನಿಮ್ಮನೆ ಅಕ್ಕಾನೇ ಕಲಿಸಿಕೊಟ್ಟಿದ್ದು. ನಮ್ಮೆಜಮಾನ್ರು ಗೊತ್ತಿಲ್ದೆ ತಂದು ಹಾಕ್ಬಿಟ್ಟಿದ್ದಾರೆ, ಅವರಿಗೆ ಮಾತ್ರ ಹೇಳ್ಬೇಡಿ.’ ಬಾಟಲಿ ಅವಳ ಕೈಚೀಲದೊಳಗೆ ಮಾಯವಾಯಿತು. ನೀನೊಬ್ಬಳೇ ಅಲ್ಲ, ದೊಡ್ಡ ಗುಂಪನ್ನೇ ಕಟ್ಟಿದ್ದೆ ಅಂತಾಯಿತು!

ಮೂರನೆಯದು. ಮೊದಲು ಸಣ್ಣ ಕಹಿ, ಅದರ ಬೆನ್ನಿಗೆ ಸಿಹಿ. ಒಂದು ಸಿಪ್ಪೆ ದಪ್ಪ, ಒಂದು ನೂಲಿನ ಹಾಗೆ. ಮಣಿಕಟ್ಟು ನೋಯಲು ಶುರುವಾದಮೇಲೆ ನೀನು ಕತ್ತರಿಯಲ್ಲಿ ಕತ್ತರಿಸುತ್ತಿದ್ದೆಯಂತೆ. ‘ಮಷೀನಿಗೆ ಬೇಕಂತಲೇ ಹೀಗೆ ಸೆಟ್ ಮಾಡಿರ್ತಾರೆ’ ಅಂತ ನಾನು ಬಂದವರಿಗೆಲ್ಲ ವಿವರಿಸಿದ್ದೆ, ನೀನು ಅಲ್ಲೇ ನಿಂತು ಲೋಟ ಒರೆಸುತ್ತಿದ್ದೆ. ಚಮಚ ಬಾಯಲ್ಲೇ ಉಳಿಯಿತು. ಊರಿನ ತಕ್ಕಡಿಗಳಲ್ಲಿ ಕೂದಲೆಳೆಯ ಮೋಸ ಹಿಡಿದವನು, ಹತ್ತೊಂಬತ್ತು ವರ್ಷ ನನ್ನದೇ ಮೇಜಿನ ಮೇಲಿನ ಬಾಟಲಿಯನ್ನು ತಿರುಗಿಸಿ ನೋಡಲಿಲ್ಲ.

‘ಏನ್ರೀ, ಸಿಕ್ತಾ?’ ಮಾಸ್ತರರು ಕೇಳಿದರು. ದೊಡ್ಡ ಭಾಷಣ ಬರಬೇಕಿತ್ತು. ಬರಲಿಲ್ಲ.

‘ಇದು ನನ್ನ ಹೆಂಡತಿ ಮಾಡಿದ್ದು. ತುಂಬಾ ಚೆನ್ನಾಗಿದೆ’ ಅಂದೆ.

ಮಾಸ್ತರರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಅಂಗಡಿಯಮ್ಮ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ‘ಜೋಪಾನ ಸಾರ್, ಎಡಗಾಲಿನ ಚಪ್ಪಲಿ ನಿಮ್ಮದಲ್ಲ’ ಅಂದಳು. ನಿನ್ನನ್ನು ಹೊಗಳಲು ನಲವತ್ತೆರಡು ವರ್ಷ ತೆಗೆದುಕೊಂಡೆ. ಹೊಗಳಿದಾಗ ಕೇಳಿಸಿಕೊಂಡದ್ದು ಇಡೀ ಬೀದಿ, ನೀನೊಬ್ಬಳನ್ನು ಬಿಟ್ಟು. ನನ್ನ ದೂರು ಇದೇ ಕಣೇ. ಒಂದು ಸಲ, ಒಂದೇ ಒಂದು ಸಲ, ‘ರೀ, ಅದು ನಾನು ಮಾಡಿದ್ದು’ ಅನ್ನಬಾರದಿತ್ತಾ? ಅಂದಿದ್ದರೆ ನಾನು ಉಪ್ಪು ಸರಿಯಿಲ್ಲ ಅನ್ನುತ್ತಿದ್ದೆನೇನೋ. ಅದೂ ನಿನಗೆ ಗೊತ್ತಿತ್ತು.

ಉಳಿದವನ್ನು ಸುರಿದರು. ನನ್ನ ಪ್ರತಿಜ್ಞೆಯೂ ಹಾಗೇ ಇದೆ, ಎರಡನೇ ಪಾಳಿಯ ಸೈರನ್ ಕೂಗುವವರೆಗೆ ಅವರ ಸರಕು ಮುಟ್ಟುವುದಿಲ್ಲ. ಮಧ್ಯಾಹ್ನ ಮಗಳು ಬ್ರೆಡ್ಡು ಹಿಡಿದು ಬಂದಳು. ಇಬ್ಬರೂ ಎರಡೆರಡು ತುಂಡು ತಿಂದೆವು. ನಾನೇ ಸವರಿದೆ, ಮೂಲೆ ಬಿಟ್ಟುಹೋಗುತ್ತದೆ ಅಂತ ಬೈಸಿಕೊಂಡೆ. ಬಾಟಲಿಯಲ್ಲಿ ಇನ್ನೆರಡು ಬೆರಳಿನಷ್ಟು ಉಳಿದಿದೆ. ಮಾಡುವ ಕ್ರಮ ಅವಳಿಗೆ ಗೊತ್ತಂತೆ. ಮುಂದಿನ ವಾರ ಕಿತ್ತಳೆ ತರುತ್ತಾಳೆ, ಕತ್ತರಿ ಹಿಡಿಯುವುದು ನಾನು.

ಅವಳು ಹೋದಮೇಲೆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ದೀಪಸ್ತಂಭವನ್ನು ಉಜ್ಜಿ ತೆಗೆದೆ. ಬಿಳಿ ಕಾಗದ ಅಂಟಿಸಿ, ಕಾನೂನಿನ ಪ್ರಕಾರ ಇರಬೇಕಾದ್ದನ್ನೆಲ್ಲ ನನ್ನ ಕೈಯಾರೆ ಬರೆದೆ. ವಸ್ತು: ಕಿತ್ತಳೆ ಜಾಮ್. ತಯಾರಾದ ಸ್ಥಳ: ನಮ್ಮ ಅಡುಗೆಮನೆ. ತಯಾರಿಸಿದವರು ಅಂತ ಬರೆದು ನಿನ್ನ ಪೂರ್ತಿ ಹೆಸರು ಬರೆದೆ. ಆ ಹೆಸರನ್ನು ಕೊನೆಯ ಸಲ ಬರೆದದ್ದು ಆಸ್ಪತ್ರೆಯ ಫಾರಂನಲ್ಲಿ. ಎಷ್ಟು ದಿನದೊಳಗೆ ಬಳಸಬೇಕು ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ. ಇಲಾಖೆಯವರು ಬಂದು ಕೇಳಿದರೆ ದಂಡ ಕಟ್ಟುತ್ತೇನೆ.

ನೀನಿರುವ ಕಡೆ ಮಣಿಕಟ್ಟಿಗೆ ನೋವಿಲ್ಲದಿರಲಿ, ತಿಂದವರು ಆಗಿಂದಾಗಲೇ ಹೊಗಳುವವರಾಗಿರಲಿ. ಇಂಗ್ಲಿಷಿನಲ್ಲಿ ಇದಕ್ಕೊಂದು ಗಾದೆಯಿದೆ. ಬೆಟರ್ ಲೇಟ್ ದ್ಯಾನ್…

ಬಾಲ ಸಿಗುತ್ತಿಲ್ಲ. ಒಲೆಯ ಕಡೆ ನೋಡುತ್ತ ಕೂತಿದ್ದೇನೆ.

ಇಂತು ನಿನ್ನ,
ಲೇಬಲ್ ಮಾತ್ರ ಓದಲು ಬರುತ್ತಿದ್ದ ಇನ್ಸ್‌ಪೆಕ್ಟರು