ಕೊಡೆಯ ಮೊನೆಯಿಂದ ಸರಿಸಿದ ಮನೆ

ಮಕ್ಕಳ ಮ್ಯೂಸಿಯಂ ಸಮಿತಿಯ ಅಧ್ಯಕ್ಷ ಪೀಠದಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ಹೊಳೆನರಸೀಪುರದ ಮ್ಯೂಸಿಯಮ್ಮಿನಲ್ಲಿ ನನ್ನ ಮಗಳು ಇಟ್ಟಿದ್ದ ಅಂಗೈಯಗಲದ ಮಣ್ಣಿನ ಮನೆಯನ್ನು ತಾವು ಕೊಡೆಯ ಮೊನೆಯಿಂದ ತಳ್ಳಿ ಊರಾಚೆ ಹಾಕಿದಿರಿ. ಆಮೇಲೆ ಅದನ್ನು ಸಿಮೆಂಟು ಹಾಕಿಸಿ ಅಲ್ಲೇ ಕೂರಿಸಿ, ಮೇಲೆ ಗಾಜು ಮುಚ್ಚಿಸಿದಿರಿ. ಅದರಿಂದ ನಮ್ಮ ಕೇರಿಗೆ ಸಿಗಬೇಕಾಗಿದ್ದ ನೀರು ತಪ್ಪಿತು. ಇದು ನನ್ನ ದೂರು. ಆಟದ ಮನೆಗೂ ಕುಡಿಯುವ ನೀರಿಗೂ ಏನು ಸಂಬಂಧವೆಂದು ತಾವು ಹುಬ್ಬೇರಿಸುವಿರೆಂದು ಬಲ್ಲೆ. ವಿವರಿಸುತ್ತೇನೆ. ನಾನು ಪ್ರೈಮರಿ ಶಾಲೆಯ ಮೇಷ್ಟರು, ತಿಳಿಯದವರಿಗೆ ನಿಧಾನವಾಗಿ ಹೇಳುವುದೇ ನನ್ನ ಕಸುಬು.

ತಾವು ಅಧ್ಯಕ್ಷರಾಗಿರುವ ಆ ಮ್ಯೂಸಿಯಂ ಎಂಥದೆಂದು ತಮಗೆ ಯಾರೂ ಹೇಳಿದಂತಿಲ್ಲ. ಅದೊಂದು ಸರ್ಕಾರದ ಹಳೇ ಉಗ್ರಾಣ. ಅದನ್ನು ನೋಡಿಕೊಳ್ಳುವ ಸುವರ್ಣಮ್ಮನವರು ಬಾಗಿಲ ಮೇಲೆ ‘ಎಲ್ಲವನ್ನೂ ಮುಟ್ಟಿ ನೋಡಿ’ ಎಂದು ಬರೆಸಿದ್ದರು. ಮಕ್ಕಳು ಬೀಸುವ ಕಲ್ಲು ತಿರುಗಿಸುತ್ತಿದ್ದರು, ರಾಟೆಯಲ್ಲಿ ಕಲ್ಲು ಎತ್ತುತ್ತಿದ್ದರು, ಸೂಜಿಗಲ್ಲಿಗೆ ಮೊಳೆ ಅಂಟಿಸಿ ನಗುತ್ತಿದ್ದರು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದಲೂ ಮೇಷ್ಟರುಗಳು ಬಸ್ಸಿನಲ್ಲಿ ಮಕ್ಕಳನ್ನು ಕರೆತರುತ್ತಿದ್ದರು. ನಡುವೆ ಒಂದು ಮರಳಿನ ಮೇಜು. ಮಕ್ಕಳು ತಮ್ಮ ಮನೆಯನ್ನು ಮಣ್ಣಿನಲ್ಲಿ ಮಾಡಿ ತಂದು, ಅದರ ಮೇಲೆ ತಮಗೆ ಬೇಕಾದಂತೆ ಊರು ಕಟ್ಟಬೇಕು.

ನನ್ನ ಮಗಳು ಸಣ್ಣಕ್ಕ ನಮ್ಮ ಕೇರಿಯ ಕೆಮ್ಮಣ್ಣು ಕಲಸಿ, ರಾಗಿಹುಲ್ಲು ಹೊದಿಸಿ ಮನೆ ಮಾಡಿದ್ದಳು. ಅಂದು ನಾನು ಕರೆತಂದ ಮಕ್ಕಳಲ್ಲಿ ನಮ್ಮ ಊರಿನ ಪಂಚಾಯತಿ ಚೇರ್ಮನ್ ನಂಜಪ್ಪನವರ ಮೊಮ್ಮಗಳು ನಂಜಮ್ಮನೂ ಇದ್ದಳು. ಸಣ್ಣಕ್ಕ ತನ್ನ ಮನೆಯನ್ನು ನೇರ ಮೇಜಿನ ಮೇಲಿನ ಆಟದ ಬಾವಿಯ ಪಕ್ಕ ಇಟ್ಟಳು.

“ಇಲ್ಲೇ ಮಡಗ್ತೀನಿ ಕಣೆ. ನಮ್ಮವ್ವ ನಿಂತ್ಕಂಡು ಕಾಯೋದು ತಪ್ತದೆ.”

ನಂಜಮ್ಮ ಒಂದು ಗಳಿಗೆ ಯೋಚಿಸಿದಳು. “ಅಂಗಾರೆ ನಮ್ಮನೇನ ಒಸಿ ಆ ಕಡೀಕೆ ತಳ್ಳು. ಜಾಗ ಆಯ್ತದೆ.”

ಕಾಯುವುದೆಂದರೇನೆಂದು ತಮಗೆ ಗೊತ್ತಿರಲಾರದು. ನಮ್ಮ ಊರಿನಲ್ಲಿ ಕೇರಿಯ ಹೆಂಗಸರು ಬಾವಿಯ ಕಟ್ಟೆ ಹತ್ತುವಂತಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಊರಿನವರು ಯಾರಾದರೂ ಬಂದು, ಮನಸ್ಸು ಬಂದರೆ, ಸೇದಿ ಮೇಲಿನಿಂದ ಸುರಿಯುತ್ತಾರೆ. ಅರ್ಧ ನೀರು ನೆಲಕ್ಕೆ. ಈ ವ್ಯವಹಾರವನ್ನು ಇಬ್ಬರು ಮಕ್ಕಳು ಎರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು.

ಅಷ್ಟರಲ್ಲಿ ತಮ್ಮ ಸವಾರಿ ಬಂತು. ಮರಳಿನ ಮೇಜಿನ ಹತ್ತಿರ ನಿಂತು, “ಇದು ಯಾರ ಮನೆ?” ಎಂದಿರಿ. ಸಣ್ಣಕ್ಕ ಖುಷಿಯಿಂದ, “ನಮ್ದು ಸಾ,” ಎಂದಳು. ಎಲ್ಲಿಯವಳು, ಯಾರ ಮಗಳು ಎಂದೆಲ್ಲ ಕೇಳಿ ತಿಳಿದುಕೊಂಡಿರಿ. ಆಮೇಲೆ ಕೊಡೆ ಚಾಚಿ ಮನೆಯನ್ನು ಮೇಜಿನ ಮೂಲೆಗೆ ನೂಕಿದಿರಿ. ಒಂದು ಗೋಡೆ ಬಿತ್ತು. “ಊರು ಹೇಗಿದೆಯೋ ಹಾಗೇ ತೋರಿಸಬೇಕು. ಮಕ್ಕಳಿಗೆ ಸುಳ್ಳು ಕಲಿಸಬಾರದು,” ಎಂದು ಸುವರ್ಣಮ್ಮನವರಿಗೆ ಬುದ್ಧಿ ಹೇಳಿದಿರಿ.

ಸತ್ಯದ ಮೇಲೆ ಎಂಥ ಪ್ರೀತಿ ತಮಗೆ! ಆ ಮೇಜಿನ ಮೇಲೆ ಹೇಮಾವತಿ ಹೊಳೆಯ ಬದಲು ನೀಲಿ ಬಟ್ಟೆಯ ಚೂರು ಹಾಸಿತ್ತು. ಯಾರೋ ಮಾಡಿದ್ದ ಕೋಳಿ ಶಾಲೆಗಿಂತ ದೊಡ್ಡದಿತ್ತು. ಆ ಸುಳ್ಳುಗಳು ತಮ್ಮ ಕಣ್ಣಿಗೆ ಚುಚ್ಚಲಿಲ್ಲ. ಹೋಗಲಿ, ಕೈಯಿಂದಲೇ ಸರಿಸಬಹುದಿತ್ತಲ್ಲ? ತಮಗೆ ಕೈಗಳಿರುವುದನ್ನು ನಾನೇ ಕಂಡಿದ್ದೇನೆ. ಅಂದು ಹಾರ ಹಾಕಿಸಿಕೊಂಡು ನಿಂಬೆಹಣ್ಣು ಪಡೆಯುವಾಗ ಅವು ಚೆನ್ನಾಗಿಯೇ ಆಡಿದವು. ಕೋಡುಬಳೆಯ ತಟ್ಟೆ ಬಂದಾಗ ಇನ್ನೂ ಚೆನ್ನಾಗಿ ಆಡಿದವು. ಎಲ್ಲವನ್ನೂ ಮುಟ್ಟಿ ನೋಡಿ ಎಂದು ಬರೆದ ಕೋಣೆಗೆ ಬಂದು, ಹಿಡಿ ಮಣ್ಣನ್ನು ಮುಟ್ಟಲಾರದೆ ಕೊಡೆ ಚಾಚಿದವರು ತಾವೊಬ್ಬರೇ.

ಊರು ಇದ್ದ ಹಾಗೆ ತೋರಿಸಬೇಕು, ಸರಿ. ಆದರೆ ಹಾಗಿರುವುದು ಅಪರಾಧವೆಂದು ಕಾನೂನು ಬಂದು ಏಳು ವರ್ಷವಾಯಿತು. ಸರ್ಕಾರ ಯಾವುದನ್ನು ಅಪರಾಧ ಎಂದಿತೋ ಅದನ್ನೇ ಸರ್ಕಾರದ ಸಿಮೆಂಟಿನಲ್ಲಿ ಗಟ್ಟಿಮಾಡಿ, ಮಕ್ಕಳ ಜ್ಞಾನಾಭಿವೃದ್ಧಿಗೆಂದು ಗಾಜಿನಡಿ ಇಟ್ಟಿದ್ದೀರಿ. ಮುಂದೆ ಕಳ್ಳತನವನ್ನು ಯಾವ ಮೇಜಿನ ಮೇಲೆ ಕಲಿಸುವಿರಿ? ಅದೂ ಊರಿನಲ್ಲಿ ಇದ್ದೇ ಇದೆ.

ಇನ್ನು ನೀರಿನ ವಿಷಯ. ಊರ ಬಾವಿಗೆ ಇನ್ನೊಂದು ರಾಟೆ ಹಾಕಿಸಿ, ನಮ್ಮವರೂ ಸೇದಲಿ ಎಂದು ನಾವು ಪಂಚಾಯತಿಯನ್ನು ಕೇಳುತ್ತಲೇ ಬಂದಿದ್ದೆವು. ಮೊಮ್ಮಗಳ ಕಾಟಕ್ಕೋ ಏನೋ, ನಂಜಪ್ಪನವರು ಮೆತ್ತಗಾಗಿದ್ದರು. “ನೋಡಾನ ಬೈರಯ್ಯ,” ಎನ್ನುವವರೆಗೂ ಬಂದಿದ್ದರು. ಆಮೇಲೆ ಒಂದು ಸಂತೆಯ ದಿನ ಮೊಮ್ಮಗಳು ಕಟ್ಟಿದ ಊರು ನೋಡಲು ಮ್ಯೂಸಿಯಮ್ಮಿಗೆ ಹೋದರು. ಗಾಜಿನ ಮೇಲೆ ಬಗ್ಗಿ ನೋಡಿ ಬಂದವರು ನನ್ನನ್ನು ಕರೆಸಿದರು.

“ಸರ್ಕಾರದೋರೇ ಮಡಗವ್ರಲ್ಲಪ್ಪ, ನಿಮ್ಮ ಕೇರಿ ಎಲ್ಲಿರ್ಬೇಕು, ಬಾವಿ ಎಲ್ಲಿರ್ಬೇಕು ಅಂತ. ಅಷ್ಟು ಓದಿದ ಸಾಯೇಬ್ರಿಗಿಂತ ನಾನು ದೊಡ್ಡೋನಾ?”

ರಾಟೆಯ ಮಾತು ಅಲ್ಲಿಗೆ ನಿಂತಿತು. ನಂಜಪ್ಪನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ಮನಸ್ಸು ಬದಲಿಸುವವರಿದ್ದರು, ಬೇಡವೆಂದು ಕಲಿಸಿದವರು ತಾವು. ಮಕ್ಕಳಿಗೆಂದು ತೆರೆದ ಮ್ಯೂಸಿಯಂ ಇಷ್ಟು ಬೇಗ ದೊಡ್ಡವರಿಗೂ ಪಾಠ ಹೇಳಿದ್ದನ್ನು ವಾರ್ಷಿಕ ವರದಿಯಲ್ಲಿ ಅವಶ್ಯ ಸೇರಿಸಿಕೊಳ್ಳಿ.

ಸಣ್ಣಕ್ಕ ಈಗ ಮ್ಯೂಸಿಯಮ್ಮಿಗೆ ಬರುವುದಿಲ್ಲ. ಸುವರ್ಣಮ್ಮನವರು ಹೇಳಿ ಕಳಿಸಿದರೂ ಬರುವುದಿಲ್ಲ. ಒಮ್ಮೆ ಮಾತ್ರ ಕೇಳಿದಳು: “ಅಪ್ಪ, ಗಾಜಿನೊಳಗಿನ ಊರಲ್ಲೂ ಅವ್ವ ಕಾಯ್ಲೇಬೇಕಾ?” ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗಾಜು ತೆಗೆಸಿ. ಸಿಮೆಂಟು ಒಡೆಸಿ. ಕೊಡೆಯನ್ನು ಬಾಗಿಲಾಚೆ ಇಟ್ಟು ಒಳಗೆ ಬನ್ನಿ. ಬಿದ್ದ ಗೋಡೆಯನ್ನು ತಾವೇ ಮಣ್ಣು ಕಲಸಿ ಕಟ್ಟಿ, ನಂಜಪ್ಪನವರ ಎದುರಿಗೆ ಆ ಮನೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾವಿಯ ಪಕ್ಕ ಇಡಿ. ಮಣ್ಣು ನಮ್ಮ ಕೇರಿಯಿಂದ ನಾನು ತರುತ್ತೇನೆ. ಕಲಸಲು ನೀರು ಮಾತ್ರ ತಾವೇ ತರಬೇಕು. ನನ್ನ ಹೆಂಡತಿ ಮಾರಮ್ಮ ಬೆಳಗ್ಗೆಯೇ ಕೊಡ ಹಿಡಿದು ಬಾವಿಗೆ ಹೋದವಳು, ಈ ಪತ್ರ ಮುಗಿಯುತ್ತ ಬಂದರೂ ಇನ್ನೂ ಮನೆಗೆ ಬಂದಿಲ್ಲ.

ಇಂತಿ,
ತಮ್ಮ ಗಾಜಿನಡಿಯ ಊರಿನಲ್ಲಿ, ಮೂಲೆಯ ಮುರುಕು ಮನೆಯ ಯಜಮಾನ,
ಬೈರಯ್ಯ
ಹಳ್ಳಿಮೈಸೂರು ಹೋಬಳಿ, ೧೯೬೨