ಉಪ್ಪಿನಹಳ್ಳಕ್ಕೆ ಹೋಗದ ತೊಟ್ಟಿಲು

ಕರೆಗುಡ್ಡ ತಾಲ್ಲೂಕು
೨೨೧೩, ಫೆಬ್ರವರಿ ೩೦

ಹಿಂದಿನವರೇ,

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜು ಓದಿದವಳೇ, ಆದರೆ ಹೆತ್ತ ಮೇಲೆ ನೆಟ್ಟಗೆ ನಿದ್ದೆ ಮಾಡಿಲ್ಲ.

ನಮ್ಮ ತಾಲ್ಲೂಕು ದಾಟಲು ಗಾಡಿಯಲ್ಲಿ ಇಡೀ ಹಗಲು ಬೇಕು, ಎದುರಾಗುವವರು ಬೆರಳೆಣಿಕೆ. ಬಡಗಣ ಗುಡ್ಡದಲ್ಲಿ ಕುರಿಯವರು, ಕೆಳಗೆ ಕಲ್ಲು ಒಡೆಯುವ ನಾವು, ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಮೀನಿನವರು, ಅದರಾಚೆ ಹುಲ್ಲೂ ಹುಟ್ಟದ ಸವುಳು ಬಯಲಿನ ಕೊನೆಗೆ ಉಪ್ಪಿನಹಳ್ಳ. ಅಲ್ಲಿರುವುದು ನಾಲ್ಕೈದು ಮುದಿ ಜೀವ. ಇಷ್ಟೂ ಊರಿಗೆ ಈಗ ಕೂಸು ಒಂದೇ, ನನ್ನ ಈರಕ್ಕ.

ಮಗುವಿರುವ ಊರನ್ನು ‘ಉಸಿರೂರು’ ಎನ್ನುತ್ತೇವೆ. ಮಗುವಿಲ್ಲದೆ ವರ್ಷ ತುಂಬಿದರೆ ಸರ್ಕಾರ ನಕ್ಷೆಯಿಂದ ಊರ ಹೆಸರು ಅಳಿಸಿ ನಲ್ಲಿ ನೀರು ನಿಲ್ಲಿಸುತ್ತದೆ. ಅದಕ್ಕೇ ಈ ‘ತೊಟ್ಟಿಲ ಸರದಿ’: ತಿಂಗಳಿಗೊಂದು ಊರಿಗೆ ತಾಯಿ-ಮಗು ಗಾಡಿ ಹತ್ತಬೇಕು. ಎಲ್ಲರೂ ಒಳ್ಳೆಯವರೇ, ಅದೇ ತಲೆನೋವು. ಗುಡ್ಡದವರು ಕಂಬಳಿ ಹೊದಿಸಿದ್ದನ್ನು ಹಿನ್ನೀರಿನವರು ಕಿತ್ತೊಗೆದು ಗಾಳಿಗೆ ಹಿಡಿಯುತ್ತಾರೆ. ಒಬ್ಬರು ಬಜೆ ತೇಯ್ದು ನೆಕ್ಕಿಸಿದರೆ ಇನ್ನೊಬ್ಬರು ಬಾಯಿ ಒರೆಸುತ್ತಾರೆ. ಕೂಸು ಹೊಸ ಊರಿಗೆ ಒಗ್ಗುವಷ್ಟರಲ್ಲಿ ಮತ್ತೆ ಗಾಡಿ.

ಈಗ ಉಪ್ಪಿನಹಳ್ಳದ ಸರದಿ. ಅಲ್ಲಿ ಮಗುವಿಲ್ಲದೆ ವರ್ಷ ತುಂಬುವುದು ಇವತ್ತಿಗೇ, ಅದೇ ಗಡುವು. ಈರಕ್ಕನಿಗೆ ಜ್ವರ. ಅಲ್ಲಿ ಡಾಕ್ಟರಿಲ್ಲ, ಸವುಳು ಧೂಳು ದೊಡ್ಡವರನ್ನೇ ಕೆಮ್ಮಿಸುತ್ತದೆ. ಒಂದು ವಾರ ತಡೆಯಿರೆಂದು ಸರ್ಕಾರಕ್ಕೆ ಬರೆದೆ, ಉತ್ತರವಿಲ್ಲ. ನಿನ್ನೆ ಆ ಊರಿನ ದ್ಯಾಮಜ್ಜಿ ತಾನೇ ಬಂದಳು. “ಓದ್ದೋಳು ನೀನು, ನಮ್ಮೂರ್ನ ಕೊಲ್ತೀಯೇನವ್ವ?” ಎಂದಳು. ನನಗೂ ರೇಗಿತು. “ನೀವೇ ಇಲ್ಲಿಗೆ ಬಂದ್ಬಿಡ್ರಿ ಅಜ್ಜಿ, ಮನೆಗ್ಳು ಖಾಲಿ ಬಿದ್ದಾವೆ.” “ನಿನ್ ಕೂಸು ಒಂದ್ ತಿಂಗ್ಳು ಊರು ಬಿಡಕ್ಕಾಗಲ್ಲ, ನಾವು ಸಾಯೋಗಂಟ ಬಿಡ್ಬೇಕಾ?” ಎಂದವಳು ಮಗುವಿನ ಹಣೆ ಮುಟ್ಟಿದಳು. ಸುಡುತ್ತಿತ್ತು. ಮುದುಕಿ ಸೆರಗು ಬಿಗಿದುಕೊಂಡು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಲೆಕ್ಕ ಶುರುವಾದದ್ದು ನಿಮ್ಮ ಕಾಲದಲ್ಲಿ. ಮಕ್ಕಳು ಕಡಿಮೆಯೆಂದು ಶಾಲೆಗೆ ಬೀಗ, ಜನ ಕಡಿಮೆಯೆಂದು ಬಸ್ಸು ಬಂದ್. ನೀವು ಹೂಂ ಅಂದಿರಿ. ಇನ್ನಾದರೂ ತಲೆ ಎಣಿಸಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಊರಿನಲ್ಲಿ ಒಬ್ಬಳೇ ಮುದುಕಿ ಉಳಿದರೆ ಅವಳಿಗೆ ಬಾಯಾರುವುದಿಲ್ಲವೇ?

ಗಾಡಿ ಬಂದು ನಿಂತಿದೆ. ಈರಕ್ಕ ಈಗಷ್ಟೇ ಕಣ್ಣು ಮುಚ್ಚಿದ್ದಾಳೆ; ನಾನು ಎಬ್ಬಿಸುವುದಿಲ್ಲ. ನಾಳೆ ಉಪ್ಪಿನಹಳ್ಳದ ನಲ್ಲಿ ನಿಲ್ಲುತ್ತದೆ, ಗೊತ್ತು. ತೊಟ್ಟಿಲು ಇಡುವ ಜಾಗದಲ್ಲಿ ಎರಡು ಡ್ರಮ್ಮು ನೀರು ಹೇರಿಸಿ ಗಾಡಿ ಕಳಿಸುತ್ತಿದ್ದೇನೆ.

ಈರಕ್ಕನ ತಾಯಿ,
ಬೋಸಮ್ಮ